ಕಲಿಸದಿದ್ದರೂ ನಾಯಿ ಕಲಿಯುತ್ತದೆ

ಧಾರವಾಡದ ಸಪ್ತಾಪುರ, ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರದ ಒಳರಸ್ತೆಗಳಲ್ಲಿ ಸಂಜೆ ಅಡ್ಡಾಡಿದರೆ ಗೇಟುಗಳ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಹಲಗೆ ಅಲ್ಲಲ್ಲಿ ಕಾಣುತ್ತದೆ. ಹಲಗೆಯ ಹಿಂದಿನ ನಾಯಿ ಹೆಚ್ಚಾಗಿ ಸರಪಳಿಯಲ್ಲೇ ಇರುತ್ತದೆ. ಯಾಕೆ ಕಟ್ಟಿದ್ದೀರಿ ಅಂತ ಕೇಳಿದರೆ ಉತ್ತರ ನಾಲಿಗೆ ತುದಿಯಲ್ಲಿ: ‘ಬಿಟ್ರ ಮಾತ ಕೇಳಂಗಿಲ್ರೀ.’ ಮಾತು ಕೇಳುವುದಿಲ್ಲವೆಂದು ಕಟ್ಟಿದರು, ಕಟ್ಟಿದ್ದರಿಂದ ಮಾತು ಕೇಳಲು ಕಲಿಯುವ ಸಂದರ್ಭವೇ ಬರಲಿಲ್ಲ. ಈ ಸುಳಿಯಲ್ಲಿ ಸಿಕ್ಕ ನಾಯಿ ಹತ್ತು ಹನ್ನೆರಡು ವರ್ಷವನ್ನು ಆರಡಿ ಜಾಗದಲ್ಲಿ ಕಳೆಯುತ್ತದೆ.

ತರಬೇತಿ ಎಂದ ಕೂಡಲೇ ನಮಗೆ ಪೊಲೀಸರ ಶ್ವಾನದಳವೋ ಕೈ ಚಾಚಿದರೆ ಕಾಲು ಕೊಡುವ ಲ್ಯಾಬ್ರಡಾರೋ ನೆನಪಾಗುತ್ತದೆ. ದುಡ್ಡಿದ್ದವರ ಶೋಕಿ ಎಂದು ತಳ್ಳಿಹಾಕುವವರೂ ಉಂಟು. ನನ್ನ ಲೆಕ್ಕದಲ್ಲಿ ಅದರ ಮೊದಲ ಫಲಾನುಭವಿ ನಾಯಿಯೇ. ಕರೆದರೆ ಬರುವ ನಾಯಿಯನ್ನು ಬಿಚ್ಚಬಹುದು. ಬಾಯಲ್ಲಿದ್ದದ್ದನ್ನು ಬಿಡುವ ನಾಯಿಯನ್ನು ರಸ್ತೆಗೆ ಒಯ್ಯಬಹುದು. ಪಾದ ಮುಟ್ಟಿಸಿಕೊಳ್ಳುವ ನಾಯಿಗೆ ಡಾಕ್ಟರ ಬಳಿ ಬಾಯಿ ಬಿಗಿಸಿಕೊಂಡು ನಾಲ್ಕು ಜನರ ಕೈಯಲ್ಲಿ ಒದ್ದಾಡುವ ಪ್ರಸಂಗ ಬರುವುದಿಲ್ಲ. ಕಲಿತದ್ದು ಹೆಚ್ಚಾದಷ್ಟೂ ಅದರ ಸರಪಳಿ ಉದ್ದವಾಗುತ್ತದೆ, ಕೊನೆಗೆ ಬೇಡವೇ ಆಗುತ್ತದೆ.

ಇದು ಹೇಗೆ ಆಗುತ್ತದೆ ಎಂದು ತಿಳಿಯಬೇಕಾದರೆ ಮೊದಲು ಒಂದು ಮಾತು ಮನಸ್ಸಿಗೆ ಬರಬೇಕು: ನಾವು ಕಲಿಸಲಿ ಬಿಡಲಿ, ನಾಯಿ ದಿನವೂ ಕಲಿಯುತ್ತಲೇ ಇರುತ್ತದೆ. ಗೇಟಿನ ಮುಂದೆ ಪಾರ್ಸೆಲ್ ಹುಡುಗ ಬರುತ್ತಾನೆ. ನಾಯಿ ಬೊಗಳುತ್ತದೆ. ಹುಡುಗ ಪೊಟ್ಟಣ ಕೊಟ್ಟು ಬೈಕ್ ಹತ್ತಿ ಹೋಗುತ್ತಾನೆ. ಅವನು ಹೋದದ್ದು ಕೆಲಸ ಮುಗಿಯಿತೆಂದು. ನಾಯಿಯ ಪ್ರಕಾರ ತಾನು ಬೊಗಳಿದ್ದಕ್ಕೆ ಓಡಿಹೋದ. ಹಾಲಿನವನು, ಪೇಪರಿನವನು, ಮೀಟರ್ ನೋಡಲು ಬಂದವನು, ಎಲ್ಲರೂ ಹೀಗೇ ಬಂದು ಹೋಗುತ್ತಾರೆ. ದಿನಕ್ಕೆ ನಾಲ್ಕು ಸಲ ಗೆದ್ದ ನಾಯಿ ಐದನೆಯ ಸಲ ಇನ್ನೂ ಜೋರು ಮಾಡದೆ ಏನು ಮಾಡೀತು? ಅದಕ್ಕೆ ಈ ಪಾಠ ಮಾಡಿದವರು ಯಾರೂ ಇಲ್ಲ, ಆದರೆ ಪಾಠ ಮಾತ್ರ ಪಕ್ಕಾ ಆಗಿದೆ.

ಇದನ್ನು ವಿಜ್ಞಾನ ಹಿಡಿದು ನೋಡಿದ್ದು ನೂರಿಪ್ಪತ್ತೈದು ವರ್ಷದ ಹಿಂದೆ. 1898ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಅಗುಳಿಯಿರುವ ಪೆಟ್ಟಿಗೆಯಲ್ಲಿಟ್ಟು ಅವು ಹೊರಬರುವುದನ್ನು ಗಮನಿಸಿದರು. ಮೊದಮೊದಲು ಪರಚಾಡಿ, ಕಚ್ಚಾಡಿ, ಹೇಗೋ ಒಮ್ಮೆ ಅಗುಳಿ ಸರಿದು ಹೊರಬಿದ್ದ ಬೆಕ್ಕು, ದಿನ ಕಳೆದಂತೆ ಉಳಿದ ಒದ್ದಾಟ ಬಿಟ್ಟು ನೇರ ಅಗುಳಿಗೇ ಕೈ ಹಾಕತೊಡಗಿತು. ಸುಖ ಕೊಟ್ಟ ನಡೆ ಉಳಿಯುತ್ತದೆ, ಉಪಯೋಗವಿಲ್ಲದ್ದು ಉದುರುತ್ತದೆ. ಮುಂದೆ ಅಲ್ಲಿಯದೇ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇದನ್ನೇ ಇಲಿ, ಪಾರಿವಾಳಗಳ ಮೇಲೆ ವರ್ಷಗಟ್ಟಲೆ ಅಳೆದು, ಯಾವಾಗ, ಎಷ್ಟು ಸಲ ಬಹುಮಾನ ಕೊಟ್ಟರೆ ನಡವಳಿಕೆ ಹೇಗೆ ಬದಲಾಗುತ್ತದೆ ಎಂಬ ಲೆಕ್ಕ ಕೊಟ್ಟರು. ಅದರಲ್ಲಿ ನಮ್ಮ ಮನೆಗೆ ತೀರಾ ಬೇಕಾದದ್ದು ಒಂದಿದೆ. ಪ್ರತಿ ಸಲವೂ ಫಲ ಸಿಗುವ ಚಾಳಿಗಿಂತ ಆಗಾಗ ಮಾತ್ರ ಫಲ ಸಿಗುವ ಚಾಳಿ ಬಿಡಿಸುವುದು ಕಷ್ಟ. ಊಟದ ಹೊತ್ತಿಗೆ ನಾಯಿ ಕುಂಯ್ ಕುಂಯ್ ಎಂದರೆ ಒಂಬತ್ತು ಸಲ ಗದರಿಸಿ, ಹತ್ತನೆಯ ಸಲ ‘ಪಾಪ’ ಎಂದು ಅಜ್ಜಿ ಒಂದು ಚೂರು ರೊಟ್ಟಿ ಎಸೆದರೆ, ಆ ನಾಯಿ ಸಾಯುವ ತನಕ ತಾಟಿನ ಪಕ್ಕ ಕೂತೇ ಇರುತ್ತದೆ. ಲಾಟರಿ ಟಿಕೆಟ್ ಕೊಳ್ಳುವವರಿಗೂ ಇದೇ ಆಗುವುದು.

ಆ ರೊಟ್ಟಿ ನಿಲ್ಲಿಸಬೇಕೆಂದು ಮನೆಯವರೆಲ್ಲ ಗಟ್ಟಿ ಮನಸ್ಸು ಮಾಡಿದರೆ ಮೊದಲ ವಾರ ನಾಯಿ ಹಿಂದಿಗಿಂತ ಜೋರಾಗಿ ಕೂಗುತ್ತದೆ, ಮೊಣಕಾಲ ಮೇಲೆ ಪಂಜಾ ಇಡುತ್ತದೆ. ಬಹಳ ಜನ ‘ತರಬೇತಿ ಗಿರಬೇತಿ ನಮ್ಮ ನಾಯಿಗೆ ಹತ್ತಂಗಿಲ್ಲ’ ಎಂದು ಕೈಬಿಡುವುದು ಇಲ್ಲಿಯೇ. ಹಳೆಯ ದಾರಿ ಕೆಲಸ ಮಾಡದಾಗ ಪ್ರಾಣಿ ಅದನ್ನೇ ಇನ್ನಷ್ಟು ಬಲವಾಗಿ ಪ್ರಯತ್ನಿಸುತ್ತದೆ, ಆಮೇಲೆ ಬಿಡುತ್ತದೆ. ಜೋರು ಹೆಚ್ಚಾದದ್ದು ಬಿಡುವ ಹೊತ್ತು ಹತ್ತಿರವಾಯಿತೆಂಬ ಸೂಚನೆ. ಆಗ ಸೋತು ಒಂದು ಚೂರು ಎಸೆದರೆ, ಇನ್ನು ಮೇಲೆ ಇಷ್ಟು ಜೋರಾಗಿ ಕೂಗಬೇಕು ಎಂದು ನಾವೇ ಹೇಳಿಕೊಟ್ಟ ಹಾಗೆ.

ಇವಾನ್ ಪಾವ್ಲೋವ್ ಅವರ ನಾಯಿಗಳ ಕಥೆ ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಜೀರ್ಣಕ್ರಿಯೆಯ ಅಧ್ಯಯನಕ್ಕೆ 1904ರಲ್ಲಿ ನೊಬೆಲ್ ಪಡೆದ ಈ ರಷ್ಯನ್ ವಿಜ್ಞಾನಿ, ಊಟದ ಮೊದಲು ಒಂದು ಸದ್ದು ಕೇಳಿಸಿದರೆ ಕ್ರಮೇಣ ಆ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದರು. ಗಂಟೆ ಗಂಟೆ ಎನ್ನುತ್ತಾರೆ. ಅವರ ಪ್ರಯೋಗಾಲಯದಲ್ಲಿ ಸಂಗೀತಗಾರರು ತಾಳಕ್ಕೆ ಇಡುವ ಮೆಟ್ರೊನೋಮ್ ಮುಂತಾದವೂ ಬಳಕೆಯಲ್ಲಿದ್ದವು. ಅದಿರಲಿ. ಥಾರ್ನ್‌ಡೈಕ್ ಹೇಳಿದ್ದು ನಡವಳಿಕೆಯ ಮಾತು, ಪಾವ್ಲೋವ್ ಹೇಳಿದ್ದು ಭಾವನೆಯ ಮಾತು ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು. ಸರಪಳಿ ಕೈಗೆತ್ತಿಕೊಂಡ ಸದ್ದಿಗೆ ಕುಣಿಯುವ ನಾಯಿ, ಸಿರಿಂಜಿನ ವಾಸನೆಗೆ ಮಂಚದ ಕೆಳಗೆ ಸೇರುವ ನಾಯಿ, ಇಬ್ಬರೂ ಪಾವ್ಲೋವರ ಶಿಷ್ಯರು. ಎರಡೂ ಬಗೆಯ ಕಲಿಕೆ ಒಟ್ಟೊಟ್ಟಿಗೆ ನಡೆಯುತ್ತಿರುತ್ತದೆ. ಕೋಲು ತೋರಿಸಿ ‘ಕುಂಡ್ರು’ ಎಂದರೆ ನಾಯಿ ಕೂರುತ್ತದೆ ನಿಜ, ಜೊತೆಗೇ ಆ ಮಾತು, ಆ ಜಾಗ, ಕೋಲು ಹಿಡಿದ ಮನುಷ್ಯ, ಎಲ್ಲದರ ಬಗ್ಗೆಯೂ ಅಂಜಿಕೆ ಕಲಿಯುತ್ತದೆ.

ಕಲಿಸುವಾಗ ನಡೆಯುವ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಹೊತ್ತಿನದು. ನಾಯಿ ಒಂದು ನಡೆಗೂ ಅದರ ಫಲಕ್ಕೂ ಗಂಟು ಹಾಕುವುದು ಒಂದೆರಡು ಸೆಕೆಂಡಿನೊಳಗೆ. ಮಧ್ಯಾಹ್ನ ಸೋಫಾ ಹರಿದ ನಾಯಿಗೆ ಸಂಜೆ ಆರಕ್ಕೆ ಆಫೀಸಿನಿಂದ ಬಂದು ಬೈದರೆ ಅದಕ್ಕೆ ತಿಳಿಯುವುದು ಒಂದೇ: ಸಂಜೆ ಯಜಮಾನ ಬಂದ ಕೂಡಲೇ ಕಷ್ಟ ಶುರು. ಮರುದಿನ ಬಾಲ ಒಳಗೆ ಸೇರಿಸಿ, ಕಿವಿ ಹಿಂದೆ ಮಾಡಿ ನಿಲ್ಲುತ್ತದೆ. ‘ನೋಡ್ರಿ, ತಪ್ಪು ಮಾಡೇನಿ ಅಂತ ಅದಕ್ಕ ಗೊತ್ತೈತಿ’ ಎನ್ನುತ್ತೇವೆ. ಅದಕ್ಕೆ ಗೊತ್ತಿರುವುದು ನಮ್ಮ ಮುಖ.

ಗೇಟು ದಾಟಿ ಓಡಿದ ಮರಿಯದೂ ಇದೇ ಪಾಡು. ಹತ್ತು ನಿಮಿಷ ಕೂಗಿದ ಮೇಲೆ ಅಂತೂ ಹತ್ತಿರ ಬಂದಾಗ ಒಂದೇಟು ಬೀಳುತ್ತದೆ. ನಮ್ಮ ಮನಸ್ಸಿನಲ್ಲಿ ಅದು ಓಡಿದ್ದಕ್ಕೆ ಶಿಕ್ಷೆ. ಮರಿಯ ಮನಸ್ಸಿನಲ್ಲಿ ಬಂದದ್ದಕ್ಕೆ. ಎರಡು ಸಲ ಹೀಗಾದರೆ ‘ಬಾ’ ಎಂಬ ಮಾತೇ ಕೆಟ್ಟುಹೋಗುತ್ತದೆ. ನಾಯಿ ಬಾಳುವಷ್ಟು ಕಾಲ ಕಾಪಾಡಿಕೊಳ್ಳಬೇಕಾದ ಮಾತು ಒಂದಿದ್ದರೆ ಅದು ಇದೇ, ಬೇಂದ್ರೆನಗರದ ಮೂಲೆಯಲ್ಲಾಗಲಿ ಪಿ.ಬಿ. ರಸ್ತೆಯ ಬದಿಯಲ್ಲಾಗಲಿ ಪ್ರಾಣ ಉಳಿಸುವ ಮಾತು. ಅದಕ್ಕೆ ನನ್ನ ಸಲಹೆ ಸರಳ. ಮಾತ್ರೆ ನುಂಗಿಸಲು, ಸ್ನಾನಕ್ಕೆ, ಕಟ್ಟಿಹಾಕಲು ‘ಬಾ’ ಎಂದು ಕರೆಯಲೇಬೇಡಿ. ನೀವೇ ಹೋಗಿ ಕರೆತನ್ನಿ. ಮೊದಲು ಮನೆಯೊಳಗೆ ನಾಲ್ಕು ಹೆಜ್ಜೆ ದೂರದಿಂದ ಕರೆದು, ಬಂದ ಕೂಡಲೇ ಅದಕ್ಕೆ ತೀರಾ ಇಷ್ಟವಾದದ್ದನ್ನು ಕೊಡಿ. ಆಮೇಲೆ ಅಂಗಳ, ಆಮೇಲೆ ಉದ್ದನೆಯ ಹಗ್ಗ ಕಟ್ಟಿ ಬಯಲು. ಬಂದ ಮೇಲೆ ಮತ್ತೆ ಆಡಲು ಬಿಡಿ. ಪ್ರತಿ ಸಲ ಕರೆದಾಗ ಆಟ ಮುಗಿಯುತ್ತದೆ ಎಂದಾದರೆ ಯಾವ ಮಗುವೂ ಬರುವುದಿಲ್ಲ, ನಾಯಿ ಎಲ್ಲಿಂದ ಬಂದೀತು?

ಒಂದೆರಡು ಸೆಕೆಂಡಿನಲ್ಲಿ ತಿಂಡಿಯ ಚೀಲಕ್ಕೆ ಕೈ ಹಾಕಿ ತೆಗೆಯುವುದು ಆಗದ ಮಾತು. ಅದಕ್ಕೇ ‘ಈಗ ಮಾಡಿದ್ದು ಸರಿ, ತಿಂಡಿ ಬರುತ್ತದೆ’ ಎಂದು ಆ ಗಳಿಗೆಗೇ ತಿಳಿಸುವ ಗುರುತಿನ ಸದ್ದು ಬಂತು. ಸ್ಕಿನ್ನರ್ ಅವರ ಶಿಷ್ಯರಾಗಿದ್ದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲಂಡ್ ದಂಪತಿ 1940ರ ದಶಕದಲ್ಲೇ ಇದನ್ನು ಪ್ರಾಣಿಗಳ ಮೇಲೆ ಬಳಸಿದರು. ಡಾಲ್ಫಿನ್ ತರಬೇತಿಯಲ್ಲಿ ಸೀಟಿ ಬಂತು. ಟಕ್ ಎನ್ನುವ ಪುಟ್ಟ ಕ್ಲಿಕ್ಕರ್ ನಾಯಿ ಸಾಕುವವರ ಕೈಗೆ ಹರಡಿದ್ದು 1990ರ ದಶಕದಲ್ಲಿ. ಸಾಧನ ಕೊಳ್ಳಲೇಬೇಕೆಂದಿಲ್ಲ. ‘ಭೇಷ್’ ಎಂಬ ಚಿಕ್ಕ ಮಾತು ಸಾಕು. ‘ಭೇಷ್’ ಎಂದ ಮರುಗಳಿಗೆ ಚೂರು ತಿಂಡಿ, ಹೀಗೆ ಇಪ್ಪತ್ತು ಮೂವತ್ತು ಸಲ ಮಾಡಿದರೆ ಆ ಮಾತಿಗೆ ಬೆಲೆ ಬರುತ್ತದೆ. ಆಮೇಲೆ ನಾಯಿಯ ಕುಂಡಿ ನೆಲಕ್ಕೆ ತಾಗಿದ ಗಳಿಗೆಗೇ ‘ಭೇಷ್’ ಎನ್ನಿ, ತಿಂಡಿ ಮೂರು ಸೆಕೆಂಡು ತಡವಾದರೂ ನಡೆಯುತ್ತದೆ. ಯಾವ ಕೆಲಸಕ್ಕೆ ಕೂಲಿ ಸಿಕ್ಕಿತೆಂದು ಅದಕ್ಕೆ ತಿಳಿದಿರುತ್ತದೆ.

ಮನೆಯಲ್ಲಿ ಒಬ್ಬರು ‘ಕುಂಡ್ರು’, ಇನ್ನೊಬ್ಬರು ‘ಕೂತ್ಕೊ’, ಮಗ ‘ಸಿಟ್’ ಎನ್ನುವ ಪದ್ಧತಿ ಬಿಡಬೇಕು. ಯಾವ ಭಾಷೆಯಾದರೂ ನಾಯಿಗೆ ತಕರಾರಿಲ್ಲ, ಒಂದೇ ಇರಬೇಕಷ್ಟೆ. ಅಡುಗೆಮನೆಯಲ್ಲಿ ‘ಕುಂಡ್ರು’ ಕಲಿತ ನಾಯಿ ಉಣಕಲ್ ಕೆರೆಯ ದಂಡೆಯಲ್ಲಿ ಅದನ್ನು ಮರೆತಂತೆ ನಿಂತರೆ ಸೊಕ್ಕು ಎಂದುಕೊಳ್ಳಬೇಡಿ. ಜಾಗ ಬದಲಾದರೆ ನಾಯಿಗೆ ಪಾಠವೇ ಹೊಸದು. ಅಲ್ಲಿ ಬಾತುಕೋಳಿ, ಮಿರ್ಚಿ ಭಜಿಯ ಗಾಡಿ, ಓಡುವ ಮಕ್ಕಳು. ಅಂಥಲ್ಲಿ ಮತ್ತೆ ಒಂದನೆಯ ಇಯತ್ತೆಯಿಂದ ಶುರು ಮಾಡಿ, ಬಹುಮಾನವನ್ನೂ ಹೆಚ್ಚಿಸಿದರೆ ಬೇಗ ಹಿಡಿದುಕೊಳ್ಳುತ್ತದೆ.

ಬಹುಮಾನವೆಂದರೆ ಪೇಟೆಯ ಬಿಸ್ಕೀಟೇ ಆಗಬೇಕಿಲ್ಲ. ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ, ತತ್ತಿಯ ಚೂರು, ಗಜ್ಜರಿ, ಕಡಲೆಕಾಳಿನಷ್ಟು ಸಣ್ಣ ಗಾತ್ರದಲ್ಲಿ. ದಿನದ ಊಟದಿಂದಲೇ ಅದನ್ನು ಕಳೆಯಿರಿ, ಇಲ್ಲವಾದರೆ ಕಲಿತ ನಾಯಿ ಡೊಳ್ಳುಹೊಟ್ಟೆಯ ನಾಯಿಯಾಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಾಕಲೇಟ್ ನಾಯಿಗೆ ವಿಷ. ಆದ್ದರಿಂದ ಪ್ರೀತಿ ಎಷ್ಟೇ ಉಕ್ಕಿದರೂ ಉಳ್ಳಾಗಡ್ಡಿ ಹಾಕಿದ ಗಿರ್ಮಿಟ್ ಹಂಚಿಕೊಳ್ಳಬಾರದು. ಧಾರವಾಡ ಪೇಡೆಯೂ ಬೇಡ. ಅದರಲ್ಲಿರುವುದು ನಾಯಿಗೆ ಬೇಡದ ಸಕ್ಕರೆ.

ಈಗ ಲಾಭದ ಮಾತಿಗೆ ಬರೋಣ. ತರಬೇತಿಯ ಪುಸ್ತಕಗಳಲ್ಲಿ ಕೂರುವುದು, ಮಲಗುವುದು, ಪಕ್ಕದಲ್ಲಿ ನಡೆಯುವುದು ಮೊದಲು ಬರುತ್ತದೆ. ನನ್ನನ್ನು ಕೇಳಿದರೆ ಮುಟ್ಟಿಸಿಕೊಳ್ಳುವುದನ್ನು ಮೊದಲು ಕಲಿಸಬೇಕು. ನಮ್ಮ ಕಡೆ ಜೂನ್‌ನಿಂದ ಜಿಟಿಜಿಟಿ ಮಳೆ, ಹುಲ್ಲು, ಹಸಿ. ಉಣ್ಣಿ ಹತ್ತುತ್ತವೆ. ಕಂದು ನಾಯಿ ಉಣ್ಣಿಯಿಂದ ಹರಡುವ ಎರ್ಲಿಕಿಯಾ ರೋಗ ರಕ್ತದ ಪ್ಲೇಟ್‌ಲೆಟ್ ಇಳಿಸಿ, ಸಮಯಕ್ಕೆ ಗುರುತಿಸದಿದ್ದರೆ ನಾಯಿಯನ್ನೇ ಕೊಲ್ಲುತ್ತದೆ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ದಿನಾ ಬೆರಳಾಡಿಸಿ ನೋಡಿದರಷ್ಟೇ ಉಣ್ಣಿ ಸಿಗುವುದು. ಮುಟ್ಟಿದರೆ ಗುರ್ ಎನ್ನುವ ನಾಯಿಯ ಬೆರಳ ಸಂದಿ ಯಾರು ನೋಡುತ್ತಾರೆ?

ಕಲಿಸುವ ಬಗೆ ಇದು: ಕಿವಿ ಒಂದು ಗಳಿಗೆ ಮುಟ್ಟು, ‘ಭೇಷ್’, ತಿಂಡಿ. ಕಿವಿ ಎತ್ತು, ತಿಂಡಿ. ಒಳಗೆ ನೋಡು, ತಿಂಡಿ. ಪಾದ ಹಿಡಿ, ಒತ್ತು, ಉಗುರು ಕತ್ತರಿ ಬರೀ ತೋರಿಸು, ತಾಗಿಸು, ಒಂದೇ ಒಂದು ಉಗುರು ಕತ್ತರಿಸಿ ಆ ದಿನಕ್ಕೆ ಮುಗಿಸು. ನಾಯಿ ಕಾಲು ಎಳೆದುಕೊಂಡರೆ ನಾವು ಒಂದು ಮೆಟ್ಟಿಲು ಹಿಂದೆ ಹೋಗಬೇಕು. ಕಚ್ಚದಂತೆ ಮೂತಿಗೆ ಹಾಕುವ ಬಾಯಿಬುಟ್ಟಿಯನ್ನೂ ಹೀಗೇ ರೂಢಿಸಬೇಕು. ಒಳಗೆ ತಿಂಡಿ ಇಟ್ಟರೆ ನಾಯಿಯೇ ಮೂತಿ ತೂರಿಸುತ್ತದೆ. ಅಪಘಾತವಾಗಿ ಮೂಳೆ ಮುರಿದ ನಾಯಿ ನೋವಿನಲ್ಲಿ ಯಜಮಾನನನ್ನೂ ಕಚ್ಚಬಹುದು. ಆ ದಿನ ಮೊದಲ ಸಲ ಬಾಯಿಬುಟ್ಟಿ ಹಾಕಲು ಹೋದರೆ ಯಾರಿಗೂ ಒಳ್ಳೆಯದಲ್ಲ. ಸರಾಗವಾಗಿ ಪರೀಕ್ಷೆಗೆ ನಿಲ್ಲುವ ನಾಯಿಯ ಎದೆಬಡಿತ, ಹೊಟ್ಟೆ, ಹಲ್ಲು ಎಲ್ಲವನ್ನೂ ಡಾಕ್ಟರು ಸಮಾಧಾನದಿಂದ ನೋಡಬಹುದು. ರೋಗ ಬೇಗ ಸಿಕ್ಕುತ್ತದೆ, ಅರಿವಳಿಕೆ ಕೊಟ್ಟು ಮಲಗಿಸುವ ಖರ್ಚೂ ಅಪಾಯವೂ ಕಡಿಮೆ. ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ತಪ್ಪಿಸುವವರಲ್ಲಿ ‘ಒಯ್ಯೂದ ತ್ರಾಸ’ ಎನ್ನುವವರೇ ಹೆಚ್ಚು. ಆ ತ್ರಾಸು ತಪ್ಪಿದರೆ ಲಸಿಕೆಯೂ ತಪ್ಪುವುದಿಲ್ಲ.

ಎರಡನೆಯದು ಕಚ್ಚುವ ಮಾತು. ನಾಯಿ ‘ಏಕಾಏಕಿ’ ಕಚ್ಚುವುದು ಬಹಳ ಅಪರೂಪ. ಮೊದಲು ಮುಖ ತಿರುಗಿಸುತ್ತದೆ, ಹಸಿವಿಲ್ಲದಿದ್ದರೂ ತುಟಿ ನೆಕ್ಕುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆ ನೋಡುತ್ತದೆ, ಮೈ ಸೆಟೆಯುತ್ತದೆ. ಆಮೇಲೆ ಗುರುಗುಟ್ಟುತ್ತದೆ. ಇಷ್ಟನ್ನೂ ಯಾರೂ ಓದದಿದ್ದಾಗ ಬಾಯಿ ಬರುತ್ತದೆ. ಗುರ್ ಎಂದದ್ದಕ್ಕೆ ಹೊಡೆಯುವವರು ಒಳಗಿನ ಅಂಜಿಕೆಯನ್ನು ಹಾಗೇ ಬಿಟ್ಟು, ಬರೀ ಎಚ್ಚರಿಕೆಯನ್ನು ಅಳಿಸುತ್ತಾರೆ. ಮುಂದಿನ ಸಲ ಅದು ಸದ್ದಿಲ್ಲದೆ ಕಚ್ಚುತ್ತದೆ. ತರಬೇತಿ ಎಂದರೆ ನಾಯಿಗೆ ಪಾಠ ಎಂದು ತಿಳಿದು ಬಂದವರಿಗೆ ಅರ್ಧ ಪಾಠ ತಮಗೇ ಇದೆಯೆಂದು ಗೊತ್ತಾಗುವುದು ಇಲ್ಲಿ. ಉಣ್ಣುವ ನಾಯಿಯನ್ನು ಮುಟ್ಟಬಾರದು, ಮಲಗಿದ್ದನ್ನು ಅಪ್ಪಬಾರದು, ಮೂಲೆಗೆ ಒತ್ತಬಾರದು ಎಂದು ಮನೆಯ ಮಕ್ಕಳಿಗೂ ರಜೆಗೆ ಬಂದ ಮಕ್ಕಳಿಗೂ ಹೇಳಿಕೊಡಬೇಕು. ಹಾಗೆಯೇ ಅತಿಥಿ ಬಂದಾಗ ತನ್ನ ಚಾಪೆಗೆ ಹೋಗಿ ಮಲಗುವುದನ್ನು ನಾಯಿಗೆ ಕಲಿಸಿದರೆ, ಬೊಗಳುವ ಜಾಗದಲ್ಲಿ ಬೇರೊಂದು ಕೆಲಸ ಕೊಟ್ಟಂತಾಯಿತು. ‘ಮಾಡಬೇಡ’ ಎಂಬುದನ್ನು ನಾಯಿಗೆ ತಿಳಿಸುವುದು ಬಹಳ ಕಷ್ಟ, ‘ಇದನ್ನು ಮಾಡು’ ಎಂಬುದು ಸುಲಭ.

ಯಾವುದೇ ನಾಯಿ ಕಚ್ಚಿದರೆ, ಸಾಕಿದ್ದಾದರೂ ಸರಿ, ಗಾಯವನ್ನು ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಖಾರ, ಸುಣ್ಣ ಬೇಡ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಉಳಿಯುವವರು ಇಲ್ಲವೆಂದೇ ಹೇಳಬೇಕು.

ಕಾನೂನಿನ ಕಡೆಯಿಂದಲೂ ಇದು ನಮ್ಮದೇ ಹೊಣೆ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ತಡೆಯಲು ಸುತ್ತೋಲೆ ಹೊರಡಿಸಿತ್ತು. ಮರುತಿಂಗಳು ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ತಳಿ ಮುಖ್ಯವೇ ಅಲ್ಲವೆಂದು ನಾನು ಹೇಳಲಾರೆ, ದೊಡ್ಡ ದವಡೆಯ ಕಡಿತ ದೊಡ್ಡದೇ. ಆದರೆ ಮರಿಯಿದ್ದಾಗ ಮನೆಯವರನ್ನು ಬಿಟ್ಟರೆ ಬೇರೆ ಮನುಷ್ಯರನ್ನೇ ನೋಡದೆ ಬೆಳೆದ ಪೊಮೆರೇನಿಯನ್ ಕೂಡ ಕಚ್ಚುತ್ತದೆ.

ಈ ಮರಿಯ ಕಾಲದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಐದು ತಳಿಗಳ ಮರಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ ಎಂಬುದು ಅದರ ಸಾರ. ಆಗ ಕಂಡದ್ದು, ಕೇಳಿದ್ದು, ಮೂಸಿದ್ದು ‘ಲೋಕದಲ್ಲಿ ಇರುವಂಥದೇ’ ಎಂದು ದಾಖಲಾಗುತ್ತದೆ. ಆಮೇಲೆ ಬಂದ ಹೊಸದಕ್ಕೆ ಮೊದಲ ಪ್ರತಿಕ್ರಿಯೆ ಅನುಮಾನ. ಛತ್ರಿ, ಹೆಲ್ಮೆಟ್, ಊರುಗೋಲು, ಗಡ್ಡ, ಸೀರೆಯ ಸೆರಗು, ಗಾಲಿಕುರ್ಚಿ, ಎಮ್ಮೆ, ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನ ಬಾಗಿಲು ತೆರೆಯುವ ಸದ್ದು, ಎಲ್ಲದರ ಪರಿಚಯ ಆಗಲೇ ಆಗಬೇಕು.

ಇಲ್ಲೊಂದು ನಿಜವಾದ ಇಕ್ಕಟ್ಟಿದೆ. ಅದೇ ವಾರಗಳಲ್ಲಿ ಮರಿಯ ಲಸಿಕೆ ಮುಗಿದಿರುವುದಿಲ್ಲ. ಆರೆಂಟು ವಾರಕ್ಕೆ ಶುರುವಾಗಿ ಹದಿನಾರು ವಾರದವರೆಗೆ ನಡೆಯುತ್ತದೆ, ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಮರಿಗಳಿಗೆ ಮಾರಕವಾದ ವಾಂತಿಭೇದಿ ತರುವ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಜೀವಂತ ಇರಬಲ್ಲದು. ‘ಲಸಿಕೆ ಮುಗಿಯೋ ತನಕ ಹೊರಗ ಬಿಡಬ್ಯಾಡ್ರಿ’ ಎಂಬ ಸಲಹೆ ಅದಕ್ಕೇ. ಅಮೆರಿಕದ ಪಶುವರ್ತನಾ ವೈದ್ಯರ ಸಂಘ ಇದಕ್ಕೆ ಮಧ್ಯದ ದಾರಿ ಹೇಳುತ್ತದೆ: ಮೊದಲ ಲಸಿಕೆಯಾಗಿ ಒಂದು ವಾರದ ನಂತರ, ಏಳೆಂಟು ವಾರದ ಮರಿಯ ಸಾಮಾಜಿಕ ಪಾಠ ಸುರಕ್ಷಿತ ಜಾಗದಲ್ಲಿ ಶುರುವಾಗಬಹುದು. ನಮ್ಮಲ್ಲಿ ಇದರರ್ಥ, ಮರಿಯನ್ನು ನೆಲಕ್ಕೆ ಬಿಡದೆ ಚೀಲದಲ್ಲೋ ಕಾರಿನಲ್ಲೋ ಕೂರಿಸಿಕೊಂಡು ಸುಭಾಸ ರಸ್ತೆಯ ಗದ್ದಲ ತೋರಿಸುವುದು. ಲಸಿಕೆಯಾದ ಶಾಂತ ನಾಯಿಯಿರುವ ಗೆಳೆಯರ ಮನೆಗೆ ಒಯ್ಯುವುದು. ಬೀದಿನಾಯಿಗಳು ಓಡಾಡುವ ಉದ್ಯಾನದ ಹುಲ್ಲನ್ನು ಸದ್ಯಕ್ಕೆ ಬಿಡುವುದು.

ಸದ್ದಿನ ಪಾಠ ನಮ್ಮ ಊರುಗಳಲ್ಲಿ ಬಿಡುವಂತೆಯೇ ಇಲ್ಲ. ಹುಬ್ಬಳ್ಳಿಯಲ್ಲಿ ಹೋಳಿಯಿಂದ ರಂಗಪಂಚಮಿಯವರೆಗೆ ಹಲಗಿ, ಗಣೇಶನ ಹಬ್ಬಕ್ಕೆ ಮೆರವಣಿಗೆಯ ಡಿಜೆ, ದೀಪಾವಳಿಗೆ ಪಟಾಕಿ. ನಮಗಿಂತ ಬಹಳ ಎತ್ತರದ ಸ್ವರ ಕೇಳುವ, ದೂರದ ಮೆಲುಸದ್ದನ್ನೂ ಹಿಡಿಯುವ ಕಿವಿಗೆ ಅದು ಹೇಗಿರುತ್ತದೋ. ಹೆದರಿದ ನಾಯಿ ಸರಪಳಿ ಹರಿದು ಓಡುತ್ತದೆ, ದಾರಿ ತಪ್ಪುತ್ತದೆ. ಹಬ್ಬಕ್ಕೆ ಒಂದೆರಡು ತಿಂಗಳು ಮೊದಲೇ ಮೊಬೈಲಿನಲ್ಲಿ ಹಲಗಿ, ಪಟಾಕಿಯ ಸದ್ದನ್ನು ಕೇಳಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಹಚ್ಚಿ, ಅದೇ ಹೊತ್ತಿಗೆ ಊಟ ಇಡಿ. ದಿನದಿನಕ್ಕೆ ಒಂದೊಂದು ಗೆರೆ ಏರಿಸಿ, ನಾಯಿ ಉಣ್ಣುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿದರೆ ಎರಡು ಗೆರೆ ಇಳಿಸಿ. ಇದು ಪಾವ್ಲೋವರ ವಿದ್ಯೆಯೇ, ಅಂಜಿಕೆಯ ಜಾಗದಲ್ಲಿ ಊಟದ ನೆನಪು ಕೂರಿಸುವುದು. ಹಬ್ಬದ ದಿನವೇ ‘ಧೈರ್ಯ ಬರಲಿ’ ಎಂದು ಮೆರವಣಿಗೆಯ ಪಕ್ಕ ಹಿಡಿದು ನಿಲ್ಲಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಾಯಿಗೆ ಹೊಡೆದೇ ಕಲಿಸಬೇಕು, ಯಾರು ಯಜಮಾನ ಎಂದು ತೋರಿಸಬೇಕು ಎಂಬ ನಂಬಿಕೆಗೂ ಒಂದು ಚರಿತ್ರೆಯಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳು ಪರಸ್ಪರ ಕಚ್ಚಾಡಿ ಮೇಲುಕೀಳು ಗೊತ್ತುಮಾಡಿಕೊಳ್ಳುವುದನ್ನು ಬರೆದರು. ಅಮೆರಿಕದ ತೋಳತಜ್ಞ ಡೇವಿಡ್ ಮೀಚ್ 1970ರ ತಮ್ಮ ಪುಸ್ತಕದಲ್ಲಿ ‘ಆಲ್ಫಾ’ ತೋಳದ, ಅಂದರೆ ಗುಂಪಿನ ಯಜಮಾನ ತೋಳದ ಮಾತನ್ನು ಜನಪ್ರಿಯಗೊಳಿಸಿದರು. ಮುಂದೆ ಅವರೇ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳ ಜೊತೆ ಹಲವು ಬೇಸಿಗೆ ಕಳೆದು, ಗುಂಪು ಎಂಬುದು ತಂದೆ ತಾಯಿ ಮಕ್ಕಳ ಸಂಸಾರ, ಅಲ್ಲಿ ಪಟ್ಟಕ್ಕಾಗಿ ಕಾದಾಟವಿಲ್ಲ ಎಂದು 1999ರಲ್ಲಿ ಬರೆದರು. ಗೊತ್ತಿಲ್ಲದ ತೋಳಗಳನ್ನು ಒಂದೇ ಬೇಲಿಯೊಳಗೆ ಕೂಡಿದಾಗ ನಡೆದದ್ದನ್ನು ಸ್ವಭಾವ ಎಂದುಕೊಂಡಿದ್ದೆವು. ವಿಜ್ಞಾನ ತಿದ್ದಿಕೊಂಡಿತು, ಕೆಲವು ತರಬೇತುದಾರರು ಇನ್ನೂ ತಿದ್ದಿಕೊಂಡಿಲ್ಲ. 2020ರಲ್ಲಿ ಪ್ರಕಟವಾದ ಪೋರ್ಚುಗಲ್‌ನ ಅಧ್ಯಯನವೊಂದರಲ್ಲಿ 92 ಸಾಕುನಾಯಿಗಳನ್ನು ಗಮನಿಸಿದ್ದರು. ಜಗ್ಗುವ, ಗದರುವ ಶಾಲೆಗಳ ನಾಯಿಗಳಲ್ಲಿ ಪಾಠದ ಹೊತ್ತಿನ ಒತ್ತಡದ ಲಕ್ಷಣಗಳೂ, ಪಾಠವಾದ ಮೇಲೆ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್‌ನ ಏರಿಕೆಯೂ ಬಹುಮಾನದ ಶಾಲೆಯ ನಾಯಿಗಳಿಗಿಂತ ಹೆಚ್ಚಾಗಿ ಕಂಡವು.

‘ನಮ್ಮ ಕುರುಬರ ನಾಯಿಗೆ ಯಾರ್ರೀ ಕಲಿಸಿದ್ರು?’ ಎಂದು ಹಾವೇರಿ, ಗದಗಿನ ಕಡೆಯವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಕುರಿದಡ್ಡಿಯಲ್ಲಿ ಹುಟ್ಟಿದ ಮರಿ ಕಣ್ಣು ತೆರೆದಾಗಿನಿಂದ ಕುರಿಗಳ ನಡುವೆಯೇ ಇರುತ್ತದೆ, ದೊಡ್ಡ ನಾಯಿಗಳ ಹಿಂದೆ ನಡೆಯುತ್ತದೆ, ರಾತ್ರಿ ತೋಳದ ವಾಸನೆಗೆ ಅವು ಏಳುವಾಗ ತಾನೂ ಏಳುತ್ತದೆ. ಸ್ಕಾಟ್ ಮತ್ತು ಫುಲ್ಲರ್ ಹೇಳಿದ ವಾರಗಳು ಅದಕ್ಕೆ ತಾನಾಗಿ ಒದಗಿ ಬಂದಿವೆ. ದಿನವಿಡೀ ಕೆಲಸ, ದಿನವಿಡೀ ಗುರು. ಗೋಕುಲ ರಸ್ತೆಯ ಎರಡನೆಯ ಅಂತಸ್ತಿನ ಮನೆಯ ನಾಯಿಗೆ ಇವೆರಡೂ ಇಲ್ಲ. ಇಪ್ಪತ್ತು ತಾಸು ಗೋಡೆ ನೋಡುವ ಪ್ರಾಣಿ ಚಪ್ಪಲಿ ಕಡಿಯುವುದು, ಕುಂಡದ ಮಣ್ಣು ಕೆದರುವುದು ಬೇಸರದಿಂದ. ಹತ್ತು ನಿಮಿಷದ ಪಾಠ, ಊಟವನ್ನು ಬಟ್ಟೆಯ ಮಡಿಕೆಗಳಲ್ಲಿ ಬಚ್ಚಿಟ್ಟು ಮೂಸಿ ಹುಡುಕಿಸುವ ಆಟ, ಇವು ಅದರ ತಲೆಗೆ ಕೆಲಸ ಕೊಡುತ್ತವೆ. ಮೇ ತಿಂಗಳ ಬಿಸಿಲಿನಲ್ಲಿ ಡಾಂಬರು ಕಾದು ಪಾದ ಸುಡುವಾಗ, ಆಷಾಢದಲ್ಲಿ ಮೂರು ದಿನ ಮಳೆ ಬಿಡದಿದ್ದಾಗ, ಹೊರಗೆ ಹೋಗದೆಯೂ ನಾಯಿಯನ್ನು ದಣಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ತಳಿಗೆ ತಕ್ಕ ನಿರೀಕ್ಷೆಯೂ ಬೇಕು. ಪಕ್ಕದ ಬಾಗಲಕೋಟೆಯ ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹಿಡಿದು ಅಟ್ಟುವ ಜಾತಿ. 2016ರಲ್ಲಿ ಸೇನೆಯವರು ಅದರ ಮರಿಗಳನ್ನು ಮೀರತ್‌ನ ತಮ್ಮ ಕೇಂದ್ರಕ್ಕೆ ತರಬೇತಿಗೆ ಒಯ್ದರು. ಮೊಲ ಕಂಡಾಗ ಅದು ನಿಮ್ಮ ಕೂಗು ಕೇಳದಿದ್ದರೆ ದಡ್ಡತನವೆಂದುಕೊಳ್ಳಬೇಡಿ. ತಲೆತಲಾಂತರದಿಂದ ಆರಿಸಿ ಬೆಳೆಸಿದ್ದೇ ಆ ಓಟಕ್ಕೆ. ಬೇಲಿಯಿಲ್ಲದ ಬಯಲಿನಲ್ಲಿ ಅದಕ್ಕೆ ಉದ್ದ ಹಗ್ಗ ಇರಲೇಬೇಕು. ಬೇಟೆನಾಯಿಯ ಮೇಲೆ ಕನ್ನಡಿಗರ ಪ್ರೀತಿ ಹಳೆಯದು. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ಮಣಲೇರನೆಂಬ ವೀರ, ಏನು ಬೇಕೆಂದು ಒಡೆಯನಾದ ಗಂಗರ ಅರಸ ಬೂತುಗ ಕೇಳಿದಾಗ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆಯುತ್ತಾನೆ. ಅದು ಹಂದಿಯೊಡನೆ ಕಾದಿ ಎರಡೂ ಸತ್ತಾಗ ನಾಯಿಗೆ ಕಲ್ಲು ನಿಲ್ಲಿಸುತ್ತಾನೆ. ಅದೇ ಶಾಸನದಲ್ಲಿ ಬೂತುಗನಿಗೆ ರಾಷ್ಟ್ರಕೂಟ ಕೃಷ್ಣ ಕೊಟ್ಟ ನಾಡುಗಳ ಪಟ್ಟಿಯಲ್ಲಿ ಬೆಳ್ವೊಲ, ಪುರಿಗೆರೆ ಬರುತ್ತವೆ, ಅಂದರೆ ಇಂದಿನ ಗದಗ, ಅಣ್ಣಿಗೇರಿ, ಲಕ್ಷ್ಮೇಶ್ವರದ ಸೀಮೆ. ಇನ್ನು ಬೀದಿಯಿಂದ ತಂದ ನಮ್ಮ ನಾಡನಾಯಿ ಬುದ್ಧಿಯಲ್ಲಿ ಯಾವ ವಿದೇಶಿ ತಳಿಗೂ ಕಡಿಮೆಯಿಲ್ಲ, ಹವೆಗೂ ಒಗ್ಗಿರುತ್ತದೆ. ಅದಕ್ಕೆ ಅಪರಿಚಿತರ ಮೇಲೆ ನಂಬಿಕೆ ಬರಲು ಮಾತ್ರ ಹೊತ್ತು ಬೇಕು.

ವಯಸ್ಸಾದ ನಾಯಿ ಕಲಿಯುವುದಿಲ್ಲ ಎಂಬುದು ಸುಳ್ಳು. ನಿಧಾನವಾಗಬಹುದು, ಅಷ್ಟೇ. ಆದರೆ ಇದ್ದಕ್ಕಿದ್ದಂತೆ ಸ್ವಭಾವ ಬದಲಾದರೆ, ಮನೆಯೊಳಗೆ ಉಚ್ಚೆ ಹೊಯ್ಯತೊಡಗಿದರೆ, ಮುಟ್ಟಿದರೆ ಸಿಡುಕಿದರೆ ತರಬೇತುದಾರರಿಗಿಂತ ಮೊದಲು ಪಶುವೈದ್ಯರನ್ನು ಕಾಣಬೇಕು. ಕೀಲುನೋವು, ಕಿವಿಯ ಸೋಂಕು, ಮೂತ್ರದ ತೊಂದರೆ ಪಾಠದಿಂದ ಹೋಗುವುದಿಲ್ಲ. ಆಳವಾದ ಅಂಜಿಕೆಗೆ ಕೆಲವೊಮ್ಮೆ ಔಷಧಿಯೂ ಬೇಕಾಗುತ್ತದೆ.

ತರಬೇತುದಾರರನ್ನು ಹುಡುಕುವುದಾದರೆ ದುಡ್ಡು ಕೊಡುವ ಮೊದಲು ಒಂದು ಪಾಠ ನೋಡಲು ಬಿಡಿ ಎಂದು ಕೇಳಿ. ಬಿಡದಿದ್ದರೆ ಮುಂದಿನವರನ್ನು ನೋಡಿ. ಬಿಟ್ಟರೆ, ಅವರ ಬಾಯಿಗಿಂತ ನಾಯಿಯ ಮೈ ಗಮನಿಸಿ: ಬಾಲ ಎಲ್ಲಿದೆ, ಕಿವಿ ಹೇಗಿದೆ, ಗುರುವಿನ ಕೈ ಎದ್ದಾಗ ಅದು ಹತ್ತಿರ ಬರುತ್ತದೋ ಕುಗ್ಗುತ್ತದೋ. ತಪ್ಪಿದಾಗ ಏನು ಮಾಡುತ್ತೀರಿ ಎಂದು ಕೇಳಿ. ಕುತ್ತಿಗೆಗೆ ಮುಳ್ಳಿನ ಪಟ್ಟಿ, ಕರೆಂಟಿನ ಪಟ್ಟಿಯ ಮಾತು ಬಂದರೆ ಎದ್ದು ಬನ್ನಿ. ‘ಒಂದ ತಿಂಗಳ ನಮ್ಮ ಕಡೆ ಬಿಟ್ಟ ಹೋಗ್ರಿ, ಕಲಿಸಿ ಕೊಡ್ತೇವಿ’ ಎನ್ನುವವರಿಗೂ ನಾನು ಒಪ್ಪುವುದಿಲ್ಲ. ಅಲ್ಲಿ ನಾಯಿ ಅವರ ಮಾತು ಕಲಿತು ಬರುತ್ತದೆ. ಮನೆಗೆ ಬಂದ ಮೇಲೆ ಅಜ್ಜಿ ಮತ್ತೆ ರೊಟ್ಟಿ ಎಸೆಯುತ್ತಾಳೆ, ಮಗ ‘ಸಿಟ್’ ಎನ್ನುತ್ತಾನೆ, ಎರಡು ವಾರಕ್ಕೆ ಎಲ್ಲ ಮೊದಲಿನಂತೆ. ವಾರಕ್ಕೊಂದು ಸಲ ಮನೆಗೇ ಬಂದು, ನಾಯಿಗಿಂತ ಹೆಚ್ಚು ಹೊತ್ತು ಮನೆಯವರಿಗೆ ಕಲಿಸುವ, ಮುಂದಿನ ವಾರಕ್ಕೆ ಮನೆಗೆಲಸ ಕೊಟ್ಟು ಹೋಗುವ ಗುರು ಸಿಕ್ಕರೆ ಅವರಿಗೆ ನಾಲ್ಕು ಕಾಸು ಹೆಚ್ಚು ಕೊಡಬಹುದು.